‘ಎವರೇಜ್ ಎಷ್ಟು ಕೊಡ್ತದ?’ ಎಂಬ ಅರ್ಧ ಪ್ರಶ್ನೆ

ಕಳೆದ ವೈಶಾಖದಲ್ಲಿ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಗೆ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಅಕ್ಷತೆ ಬಿದ್ದು, ಊಟವೂ ಮುಗಿದು, ಹಿರಿಯರೆಲ್ಲ ಹಂದರದ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಪಕ್ಕದಲ್ಲಿ ಹೊಸ ಮೋಟಾರ್ ಸೈಕಲ್ಲೊಂದು ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಮದುಮಗನಿಗಿಂತ ಹೆಚ್ಚಿನ ಗಾಂಭೀರ್ಯದಿಂದ ನಿಂತಿತ್ತು. ಹಿರಿಯರೊಬ್ಬರು ಎದ್ದುಹೋಗಿ ಅದರ ಸೀಟಿನ ಮೇಲೆ ಕೈಯಾಡಿಸಿ ಕೇಳಿದರು: “ಎವರೇಜ್ ಎಷ್ಟ್ ಕೊಡ್ತದ?” ಮದುಮಗನ ತಮ್ಮ ಹೆಮ್ಮೆಯಿಂದ ಉತ್ತರಿಸಿದ: “ಅರವತ್ತೈದು ಕೊಡ್ತದ್ರಿ.” ಹಿರಿಯರು ತಲೆದೂಗಿದರು. ಸುತ್ತ ನಿಂತವರೂ ತಲೆದೂಗಿದರು. ಪರೀಕ್ಷೆ ಮುಗಿಯಿತು, ಗಾಡಿ ಪಾಸಾಯಿತು!

ಗಾಡಿಗೆ ಎಷ್ಟು ಹಣ ಬಿತ್ತು, ಆ ಹಣ ಎಲ್ಲಿಂದ ಬಂತು, ಅದಕ್ಕೆ ಬಡ್ಡಿಯೆಷ್ಟು, ಹುಡುಗ ದಿನಕ್ಕೆ ಎಷ್ಟು ದೂರ ಓಡಾಡುತ್ತಾನೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಅಲ್ಲಿ ಬಾಯಿ ಬಿಡಲಿಲ್ಲ. ಮದುವೆಯ ಮನೆಯಲ್ಲಿ ಮಾಸ್ತರಿಕೆ ಮಾಡಬಾರದೆಂದು ಸುಮ್ಮನಿದ್ದೆ. ಈಗ ಮನೆಗೆ ಬಂದು ಕುಳಿತು ಬರೆಯುತ್ತಿದ್ದೇನೆ. ಆ ಮನೆಯವರು ಓದಿದರೆ ಸಿಟ್ಟಾಗಬಹುದು. ಆಗಲಿ.

ಪ್ರಿಯ ವಿದ್ಯಾರ್ಥಿಮಿತ್ರರೇ, ಬಂಧುಗಳೇ, ನನ್ನ ವಾದ ಇಷ್ಟೇ. ‘ಎವರೇಜ್ ಎಷ್ಟು ಕೊಡ್ತದ?’ ಎಂಬುದು ಅರ್ಧ ಪ್ರಶ್ನೆ. ಅದರ ಉಳಿದರ್ಧ, ‘ನೀನು ವರ್ಷಕ್ಕೆ ಎಷ್ಟು ಕಿಲೋಮೀಟರು ಓಡಿಸುತ್ತೀಯ?’ ಎಂಬುದು. ಈ ಎರಡನೆಯ ಅರ್ಧವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳುವ ನಮ್ಮ ಅಭ್ಯಾಸದಿಂದಾಗಿ ಕಡಿಮೆ ಓಡಾಡುವವನು ತನಗೆ ಬೇಡದ ಉಳಿತಾಯಕ್ಕೆ ಸಾಲ ಮಾಡುತ್ತಿದ್ದಾನೆ. ಹೆಚ್ಚು ಓಡಾಡುವವನು ತನಗೆ ಬೇಕೇ ಬೇಕಾದ ಉಳಿತಾಯವನ್ನು ಕಳೆದುಕೊಳ್ಳುತ್ತಿದ್ದಾನೆ.

ನಮ್ಮ ಭಾಗದಲ್ಲಿ ಗಾಡಿ ಎಂಬುದು ಶೋಕಿಯಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಆಳಂದದಲ್ಲಿ ಹುಟ್ಟಿ ಬೆಳೆದವನು. ಬಿ.ಎಡ್. ಮುಗಿಸಿ 1985ರಲ್ಲಿ ನೌಕರಿಗೆ ಸೇರಿ, ಅಫಜಲಪುರ ತಾಲ್ಲೂಕಿನಲ್ಲಿ ಹೆಚ್ಚಿನ ಸೇವೆ ಸಲ್ಲಿಸಿ, 2020ರಲ್ಲಿ ಜೇವರ್ಗಿಯಲ್ಲಿ ನಿವೃತ್ತನಾದವನು. ಈ ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ ಇನ್ನೂ ದೂರ. ಬಸ್ಸು ತಪ್ಪಿದರೆ ಆಸ್ಪತ್ರೆ ತಪ್ಪುತ್ತದೆ, ಕಚೇರಿಯ ಕೆಲಸ ತಪ್ಪುತ್ತದೆ, ಪರೀಕ್ಷೆಯೇ ತಪ್ಪುತ್ತದೆ. ಆದ್ದರಿಂದ ಗಾಡಿ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಹಾಕದೆ ಕೊಳ್ಳಬೇಡಿ ಎಂದು ಹೇಳುತ್ತೇನೆ.

ಹೀಗೆ ಹೇಳುವ ಅಧಿಕಾರ ನನಗೆ ಬಂದದ್ದು ಗಣಿತ ಕಲಿಸಿದ್ದರಿಂದಲ್ಲ. ಎರಡು ಸಲ ತಪ್ಪು ಮಾಡಿ, ಎರಡೂ ಸಲ ದಂಡ ತೆತ್ತದ್ದರಿಂದ. ಆ ಎರಡು ತಪ್ಪುಗಳೂ ಒಂದಕ್ಕೊಂದು ತದ್ವಿರುದ್ಧವಾದವು ಎಂಬುದೇ ಇಲ್ಲಿನ ಸ್ವಾರಸ್ಯ.

ಮೊದಲನೆಯ ತಪ್ಪು 1989ರದು. ಆಗ ನನ್ನ ಮನೆಯಿಂದ ಶಾಲೆಗೆ 18 ಕಿಲೋಮೀಟರು. ಹೋಗಿ ಬರಲು 36. ಸಂತೆ, ಸಂಬಂಧಿಕರು ಎಲ್ಲ ಸೇರಿ ವರ್ಷಕ್ಕೆ 9,000 ಕಿಲೋಮೀಟರು. ಅಷ್ಟರಲ್ಲಾಗಲೇ ಫೋರ್ ಸ್ಟ್ರೋಕ್ ಎಂಜಿನ್ನಿನ ಹೀರೋ ಹೋಂಡಾ ಸಿಡಿ 100 ಬಂದು ನಾಲ್ಕು ವರ್ಷವಾಗಿತ್ತು. ಲೀಟರಿಗೆ 70 ಕಿಲೋಮೀಟರು ಓಡಿಸಿ ತೋರಿಸಿದ ಸಹೋದ್ಯೋಗಿಗಳು ನನಗಿದ್ದರು. ನಾನು ಮಾತ್ರ ಹಳೆಯ ಟು ಸ್ಟ್ರೋಕ್ ಸ್ಕೂಟರೊಂದನ್ನು ಕೊಂಡೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿಸಬೇಕಾದ, ಲೀಟರಿಗೆ 35 ದಾಟದ ಗಾಡಿ. ಹೊಸದಕ್ಕಿಂತ 9,000 ರೂಪಾಯಿ ಕಡಿಮೆಗೆ ಸಿಕ್ಕಿತು. ‘ಒಂಬತ್ತು ಸಾವಿರ ಉಳಿಸಿದೆ’ ಎಂದು ಮನೆಯಲ್ಲಿ ಹೇಳಿಕೊಂಡೆ.

ಈಗ ಲೆಕ್ಕ ನೋಡಿ. 9,000 ಕಿಲೋಮೀಟರಿಗೆ ನನ್ನ ಸ್ಕೂಟರು ಕುಡಿದದ್ದು 257 ಲೀಟರು. ಹೊಸ ಗಾಡಿಯಾಗಿದ್ದರೆ 129. ವರ್ಷಕ್ಕೆ 128 ಲೀಟರು ಹೆಚ್ಚು. 1990ರ ಆಗಸ್ಟಿನಲ್ಲಿ ಇರಾಕು ಕುವೈತಿನ ಮೇಲೆ ಬಿತ್ತು. ಅದೇ ಅಕ್ಟೋಬರಿನಲ್ಲಿ ನಮ್ಮ ಸರಕಾರ ಶೇ. 25ರ ‘ಗಲ್ಫ್ ಸರ್‌ಚಾರ್ಜ್’ ಹಾಕಿತು. 1991ರ ಜುಲೈ ಬಜೆಟ್ಟಿನಲ್ಲಿ ಪೆಟ್ರೋಲು ಮತ್ತೆ ಶೇ. 20ರಷ್ಟು ಏರಿತು. ಎಲ್ಲೋ ಮರುಭೂಮಿಯಲ್ಲಿ ನಡೆದ ಯುದ್ಧದ ಕಂದಾಯವನ್ನು ಭೀಮಾ ತೀರದ ಮಾಸ್ತರೊಬ್ಬ ಕಟ್ಟತೊಡಗಿದ್ದ! ಆರು ವರ್ಷ ಆ ಸ್ಕೂಟರ್ ಓಡಿಸಿದೆ. ಒಟ್ಟು 768 ಲೀಟರು ಹೆಚ್ಚಿನ ಪೆಟ್ರೋಲು. ಲೀಟರಿಗೆ ಸರಾಸರಿ 15 ರೂಪಾಯಿ ಹಿಡಿದರೂ 11,520 ರೂಪಾಯಿ. ಎಣ್ಣೆ, ಪ್ಲಗ್ಗು, ಮೆಕ್ಯಾನಿಕ್ಕಿನ ಖರ್ಚು ಬೇರೆ. ಕೊನೆಗೆ ಅದನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡ. ಒಂಬತ್ತು ಸಾವಿರ ಉಳಿಸಲು ಹೋಗಿ ಅದಕ್ಕಿಂತ ಹೆಚ್ಚು ಕಳೆದುಕೊಂಡೆ.

ಸುಟ್ಟ ಕೈಗೆ ಬುದ್ಧಿ ಬರಬೇಕಲ್ಲವೇ? ಬಂತು, ಆದರೆ ಅರ್ಧ ಬುದ್ಧಿ. ‘ಬೆಲೆ ನೋಡಬಾರದು, ಎವರೇಜೇ ನೋಡಬೇಕು’ ಎಂಬ ಹೊಸ ಮಂತ್ರವನ್ನು ಪಠಿಸತೊಡಗಿದೆ. ಅದರ ಫಲವೇ 2012ರ ಎರಡನೆಯ ತಪ್ಪು.

ಆಗ ಜೇವರ್ಗಿಯಲ್ಲಿದ್ದೆ. ಶಾಲೆ ಮನೆಯಿಂದ ಕೂಗಳತೆಯ ದೂರ. ಮಕ್ಕಳ ಒತ್ತಾಯಕ್ಕೆ ಕಾರು ಕೊಳ್ಳುವುದೆಂದಾಯಿತು. ಆ ವರ್ಷದ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲಿಗೆ 73 ರೂಪಾಯಿ, ಡೀಸೆಲಿಗೆ 41 ರೂಪಾಯಿಯ ಆಸುಪಾಸು. ಡೀಸೆಲಿಗೆ ಸರಕಾರದ ಆಸರೆ ಇತ್ತು. ‘ಡೀಸೆಲ್ ಗಾಡಿಯೇ ತಗೊಳ್ರಿ ಸರ್, ದುಡ್ಡು ವಸೂಲಾಗ್ತದ’ ಎಂದು ಕಂಡಕಂಡವರೆಲ್ಲ ಹೇಳಿದರು. ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ 1,20,000 ರೂಪಾಯಿ ಹೆಚ್ಚು ಕೊಟ್ಟು, ಅದನ್ನೂ ಸಾಲ ಮಾಡಿ, ಡೀಸೆಲ್ ಕಾರು ತಂದೆ.

ಕೊಳ್ಳುವ ಮುನ್ನ ನಾನು ಹಾಕಬೇಕಾಗಿದ್ದ, ಹಾಕದೆ ಬಿಟ್ಟ ಲೆಕ್ಕ ಇದು. ಗಾಣಗಾಪುರದ ದತ್ತನ ದರ್ಶನ, ಸೊಲ್ಲಾಪುರದ ಆಸ್ಪತ್ರೆ, ಮದುವೆ, ಮುಂಜಿ ಎಲ್ಲ ಸೇರಿ ವರ್ಷಕ್ಕೆ ನನ್ನ ಕಾರು ಓಡುತ್ತಿದ್ದುದು 6,000 ಕಿಲೋಮೀಟರು. ಕೂಡಲು ಸುಲಭವಾಗಲೆಂದು ಪೆಟ್ರೋಲಿಗೆ 75, ಡೀಸೆಲಿಗೆ 45 ರೂಪಾಯಿ ಹಿಡಿಯೋಣ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರು ಕೊಟ್ಟರೆ ಕಿಲೋಮೀಟರಿಗೆ 4 ರೂಪಾಯಿ 69 ಪೈಸೆ. ಡೀಸೆಲ್ ಕಾರು 20 ಕೊಟ್ಟರೆ 2 ರೂಪಾಯಿ 25 ಪೈಸೆ. ಉಳಿತಾಯ ಕಿಲೋಮೀಟರಿಗೆ 2.44, ವರ್ಷಕ್ಕೆ 14,640 ರೂಪಾಯಿ. ಹೆಚ್ಚು ಕೊಟ್ಟ ಹಣ ಮರಳಲು ಎಂಟು ವರ್ಷಕ್ಕೂ ಮೇಲೆ ಬೇಕು. ಆ 1,20,000ಕ್ಕೆ ಶೇ. 10ರಂತೆ ಬಡ್ಡಿಯೇ ವರ್ಷಕ್ಕೆ 12,000! ಅಂದರೆ ಮೊದಲ ವರ್ಷಗಳಲ್ಲಿ ಉಳಿತಾಯದ ಬಹುಪಾಲು ನನ್ನ ಮನೆಗೆ ಬರದೆ ಸಾಲ ಕೊಟ್ಟವರ ಮನೆಗೆ ಹೋಯಿತು.

ಇಷ್ಟೂ ಡೀಸೆಲ್ ಅಗ್ಗವಾಗಿಯೇ ಇರುತ್ತದೆಂಬ ನಂಬಿಕೆಯ ಮೇಲೆ. ಅದು ಇರಲಿಲ್ಲ. 2013ರ ಜನವರಿಯಿಂದ ಡೀಸೆಲ್ ಬೆಲೆ ತಿಂಗಳಿಗೆ ಐವತ್ತು ಪೈಸೆಯಂತೆ ಏರುತ್ತ ಹೋಯಿತು. 2014ರ ಅಕ್ಟೋಬರಿನಲ್ಲಿ ಸರಕಾರ ಡೀಸೆಲಿನ ಬೆಲೆ ನಿಯಂತ್ರಣವನ್ನೇ ಕೈಬಿಟ್ಟಿತು. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿಯಾಯಿತು! ಎರಡೂ 80 ರೂಪಾಯಿ ಎಂದುಕೊಂಡರೆ ನನ್ನ ಉಳಿತಾಯ ಕಿಲೋಮೀಟರಿಗೆ ಒಂದೇ ರೂಪಾಯಿ, ವರ್ಷಕ್ಕೆ 6,000. ಆ ಲೆಕ್ಕದಲ್ಲಿ ಹಣ ಮರಳಲು 20 ವರ್ಷ. ಅದೇ 2020ರ ಏಪ್ರಿಲಿನಿಂದ ದೇಶದ ಅತಿ ದೊಡ್ಡ ಕಾರು ತಯಾರಕರಾದ ಮಾರುತಿ ಸುಜುಕಿಯವರು ಡೀಸೆಲ್ ಕಾರುಗಳನ್ನೇ ನಿಲ್ಲಿಸಿಬಿಟ್ಟರು. ನಾನು ಯಾರನ್ನೂ ದೂರುವುದಿಲ್ಲ. ದೂರಬೇಕಾದ್ದು ನನ್ನ ಅರ್ಧ ಪ್ರಶ್ನೆಯನ್ನು.

ಮೊದಲ ಸಲ ಹೆಚ್ಚು ಓಡಿಸುವವನಾಗಿದ್ದೆ, ಬೆಲೆಗೆ ಮರುಳಾದೆ. ಎರಡನೆಯ ಸಲ ಕಡಿಮೆ ಓಡಿಸುವವನಾಗಿದ್ದೆ, ಎವರೇಜಿಗೆ ಮರುಳಾದೆ. ಎರಡಕ್ಕೂ ಮದ್ದು ಒಂದೇ ಸಾಲಿನ ಸೂತ್ರ, ಬರೆದುಕೊಳ್ಳಿ: ಹೆಚ್ಚು ಕೊಡುವ ಬೆಲೆಯನ್ನು ವರ್ಷದ ಇಂಧನ ಉಳಿತಾಯದಿಂದ ಭಾಗಿಸಿದರೆ ಹಣ ಮರಳುವ ವರ್ಷಗಳು ಸಿಗುತ್ತವೆ. ಆ ವರ್ಷಗಳು ನೀವು ಗಾಡಿ ಇಟ್ಟುಕೊಳ್ಳುವ ವರ್ಷಗಳಿಗಿಂತ ಬಹಳ ಕಡಿಮೆಯಿದ್ದರೆ ಎವರೇಜಿಗೆ ಹಣ ಕೊಡಿ. ಇಲ್ಲವಾದರೆ ಕೊಡಬೇಡಿ. ಐದನೆಯ ತರಗತಿಯ ಭಾಗಾಕಾರ ಸಾಕು.

ಸೂತ್ರದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ‘ಲೀಟರಿಗೆ ಇಷ್ಟು ಕಿಲೋಮೀಟರು’ ಎಂಬ ಮಾಪನವೇ ಕಣ್ಣು ಕಟ್ಟುವಂಥದು. 50 ಕೊಡುವ ಬೈಕಿನ ಬದಲು 70 ಕೊಡುವ ಬೈಕು ಕೊಂಡರೆ 20ರ ಜಿಗಿತ. 15 ಕೊಡುವ ಕಾರಿನ ಬದಲು 20 ಕೊಡುವ ಕಾರು ಕೊಂಡರೆ 5ರ ಜಿಗಿತ. ಯಾವುದರಲ್ಲಿ ಇಂಧನ ಹೆಚ್ಚು ಉಳಿಯುತ್ತದೆ? ತರಗತಿಯಲ್ಲಿ ಕೇಳಿದ್ದರೆ ಎಲ್ಲರೂ ಬೈಕಿಗೆ ಕೈ ಎತ್ತುತ್ತಿದ್ದಿರಿ. 12,000 ಕಿಲೋಮೀಟರಿಗೆ ಲೆಕ್ಕ ಹಾಕಿ. ಬೈಕು 240 ಲೀಟರಿನಿಂದ 171ಕ್ಕೆ ಇಳಿಯುತ್ತದೆ, ಉಳಿತಾಯ 69 ಲೀಟರು. ಕಾರು 800ರಿಂದ 600ಕ್ಕೆ ಇಳಿಯುತ್ತದೆ, ಉಳಿತಾಯ 200 ಲೀಟರು! ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ವಿದ್ವಾಂಸರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ಭ್ರಮೆಯ ಬಗ್ಗೆ ಬರೆದರು. ಆದ್ದರಿಂದ ಕಿಲೋಮೀಟರುಗಳನ್ನು ಹೋಲಿಸಬೇಡಿ, ಲೀಟರುಗಳನ್ನು ಹೋಲಿಸಿ. ಯುರೋಪಿನವರು ‘100 ಕಿಲೋಮೀಟರಿಗೆ ಎಷ್ಟು ಲೀಟರು’ ಎಂದೇ ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ.

ಎರಡು, ಜಾಹೀರಾತಿನ ಸಂಖ್ಯೆ ಪ್ರಯೋಗಶಾಲೆಯ ಉರುಳೆಗಳ ಮೇಲೆ ಗಾಡಿಯನ್ನು ಓಡಿಸಿ ಪಡೆದದ್ದು. ಅಲ್ಲಿ ತಗ್ಗು ದಿನ್ನೆಗಳಿಲ್ಲ, ಹಿಂದಿನ ಸೀಟಿನಲ್ಲಿ ಜೋಳದ ಚೀಲವಿಲ್ಲ, ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತುವ ಎರೆಮಣ್ಣಿಲ್ಲ. ಸಾಲದ್ದಕ್ಕೆ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿ ತಲುಪಿದ್ದಾಯಿತು. ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಇದರಿಂದ ಶೇ. 3-4, ಕಾರುಗಳಲ್ಲಿ ಶೇ. 6-7ರಷ್ಟು ಇಂಧನ ದಕ್ಷತೆ ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಆದ್ದರಿಂದ ನಿಮ್ಮೂರಿನಲ್ಲಿ ಅದೇ ಗಾಡಿ ಓಡಿಸುತ್ತಿರುವವನನ್ನು ಕೇಳಿ, ಅವನು ಹೇಳಿದ್ದರಲ್ಲೂ ಹೆಮ್ಮೆಯ ಪಾಲನ್ನು ಕಳೆದು, ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಿರಿ.

ಬೆಲೆಯೂ ಒಂಟಿಯಾಗಿ ಬರುವುದಿಲ್ಲ. ವಿಮೆಯ ಕಂತಿನ ಒಂದು ಭಾಗ ಗಾಡಿಯ ಬೆಲೆಯನ್ನು ನೋಡಿಯೇ ನಿಗದಿಯಾಗುತ್ತದೆ. ಕರ್ನಾಟಕದ ಜೀವಾವಧಿ ತೆರಿಗೆಯಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಶೇ. 14ರಷ್ಟಿರುವ ಮೂಲ ದರ ಆ ಗೆರೆ ದಾಟಿದರೆ ಶೇ. 17 ಆಗುತ್ತದೆ. ಎವರೇಜಿನ ಆಸೆಗೆ ಬೆಲೆಯ ಮೆಟ್ಟಿಲು ಹತ್ತಿದವನಿಗೆ ತೆರಿಗೆಯ ಮೆಟ್ಟಿಲು ಉಚಿತ!

ಈಗ ಎಲ್ಲೆಲ್ಲೂ ವಿದ್ಯುತ್ ಸ್ಕೂಟರಿನ ಮಾತು. ಜೇವರ್ಗಿಯಲ್ಲಿರುವ ನಮ್ಮ ಅಣ್ಣನ ಮಗ ಕೇಳಿದ: “ಕಾಕಾ, ಪೆಟ್ರೋಲ್ ಖರ್ಚೇ ಇಲ್ಲ, ತಗೊಳ್ಳಲೇನು?” ನಾನು ಅರ್ಧ ಪ್ರಶ್ನೆಯ ಉಳಿದರ್ಧವನ್ನು ಕೇಳಿದೆ. ಮನೆಯಿಂದ ಕಚೇರಿ, ಸಂತೆ, ಗುಡಿ ಸೇರಿ ವರ್ಷಕ್ಕೆ 3,000 ಕಿಲೋಮೀಟರು. ಪೆಟ್ರೋಲ್ ಸ್ಕೂಟರಿಗೆ ಹೋಲಿಸಿದರೆ ಕಿಲೋಮೀಟರಿಗೆ ಸುಮಾರು 2 ರೂಪಾಯಿ ಉಳಿಯುತ್ತದೆ, ವರ್ಷಕ್ಕೆ 6,000. ಬೆಲೆ 40,000 ಹೆಚ್ಚು ಬಿದ್ದರೆ ಹಣ ಮರಳಲು ಆರೂಮುಕ್ಕಾಲು ವರ್ಷದ ಹತ್ತಿರ. ಅಷ್ಟರಲ್ಲಿ ಬ್ಯಾಟರಿಯ ಚಿಂತೆ ಶುರುವಾಗುತ್ತದೆ. ಅದೇ ಓಣಿಯಲ್ಲಿ ಪಿಗ್ಮಿ ಸಂಗ್ರಹಿಸುವ ಹುಡುಗನೊಬ್ಬನಿದ್ದಾನೆ. ದಿನಕ್ಕೆ 40, ವರ್ಷಕ್ಕೆ 12,000 ಕಿಲೋಮೀಟರು ತಿರುಗುತ್ತಾನೆ. ಅವನಿಗೆ ವರ್ಷಕ್ಕೆ 24,000 ಉಳಿತಾಯ, ಇಪ್ಪತ್ತೇ ತಿಂಗಳಿಗೆ ಹಣ ವಾಪಸು. ಗಾಡಿ ಒಂದೇ, ಬೆಲೆ ಒಂದೇ. ಒಬ್ಬನಿಗೆ ಅದು ದುಂದು, ಇನ್ನೊಬ್ಬನಿಗೆ ಜಾಣತನ. ಹೀಗಿರುವಾಗ ‘ಯಾವ ಗಾಡಿ ಒಳ್ಳೆಯದು ಸರ್?’ ಎಂದು ನನ್ನನ್ನು ಕೇಳಿದರೆ ಏನು ಹೇಳಲಿ? ಯಾರಿಗೆ ಎಂದು ಮೊದಲು ಹೇಳಿ.

ಇನ್ನು ಮದುವೆಯ ಹಂದರದಲ್ಲಿದ್ದ ಆ ಗಾಡಿಯ ವಿಷಯಕ್ಕೆ ಬರೋಣ. ಅದನ್ನು ಕೊಡಿಸಿದವರು ಹುಡುಗಿಯ ತಂದೆ. ರಸ್ತೆಗಿಳಿಯುವಷ್ಟರಲ್ಲಿ 90,000 ರೂಪಾಯಿ. ಹುಡುಗನ ಕೆಲಸದ ಜಾಗ ಮನೆಯಿಂದ ಎರಡು ಕಿಲೋಮೀಟರು. ಅವನೂ ವರ್ಷಕ್ಕೆ 3,000 ದಾಟಲಾರ. ಲೀಟರಿಗೆ 65 ಕೊಡುವ ಆ ಹೊಸ ಗಾಡಿಗೆ ವರ್ಷಕ್ಕೆ 46 ಲೀಟರು ಸಾಕು. 30,000ಕ್ಕೆ ಸಿಗುವ, 45 ಕೊಡುವ ಹಳೆಯ ಗಾಡಿಗಾದರೆ 67 ಲೀಟರು. ಪೆಟ್ರೋಲಿಗೆ 100 ರೂಪಾಯಿ ಹಿಡಿದರೆ ವರ್ಷದ ವ್ಯತ್ಯಾಸ ಎರಡು ಸಾವಿರ ಚಿಲ್ಲರೆ. ಹೆಚ್ಚು ಕೊಟ್ಟ 60,000 ಮರಳಲು ಹತ್ತಿರ ಹತ್ತಿರ ಮೂವತ್ತು ವರ್ಷ ಬೇಕು. ಗಾಡಿಯ ನೋಂದಣಿಯ ಅವಧಿಯೇ 15 ವರ್ಷ!

ಹಾಗಾದರೆ ಆ ಹುಡುಗನಿಗೆ ಲೆಕ್ಕ ಬರುವುದಿಲ್ಲವೇ? ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಬೆಲೆ ಮಾವನದು, ಪೆಟ್ರೋಲು ತನ್ನದು. ಅದಕ್ಕೇ ಅವನ ಕಡೆಯವರು ಎವರೇಜ್ ಮಾತ್ರ ಕೇಳಿದರು, ಬೆಲೆ ಕೇಳಲಿಲ್ಲ. ಬೇರೆಯವರ ಗಂಟಿನಿಂದ ಗಾಡಿ ಕೊಳ್ಳುವವನಿಗೆ ಎಲ್ಲ ಬೆಲೆಯೂ ಅಗ್ಗವೇ. ಮಾವನವರು ಆ ಹಣವನ್ನು ತಂದದ್ದು ಅಡತಿ ಅಂಗಡಿಯಿಂದ, ಮುಂದಿನ ತೊಗರಿಯ ಮೇಲೆ. ವೈಶಾಖದಲ್ಲಿ ಮದುವೆ, ತೊಗರಿ ಬಿತ್ತುವುದು ಮುಂಗಾರು ಬಿದ್ದ ಮೇಲೆ, ರಾಶಿಯಾಗುವುದು ಡಿಸೆಂಬರು ಜನವರಿಗೆ. ಇನ್ನೂ ಬಿತ್ತದ ಬೆಳೆಯ ಮೇಲಿನ ಸಾಲವದು. 2022-23ರ ಹಂಗಾಮಿನಲ್ಲಿ ನೆಟೆರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದು ಯಾರಿಗೂ ಮರೆತಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಹೆಮ್ಮೆಪಟ್ಟ ನಾವು, ಅದೇ ತೊಗರಿಯನ್ನು ಅಳಿಯನ ಗಾಡಿಗೆ ಅಡವಿಡುತ್ತಿದ್ದೇವೆ. ವರದಕ್ಷಿಣೆಯನ್ನು ಕಾನೂನು ನಿಷೇಧಿಸಿದ್ದು 1961ರಲ್ಲಿ. ‘ನಾವು ಕೇಳಿರಲಿಲ್ಲ, ಅವರಾಗಿಯೇ ಕೊಟ್ಟರು’ ಎನ್ನುವವರಿಗೆ ನನ್ನದೊಂದೇ ಮಾತು: ಹಾಗಾದರೆ ಹಿಂದಿರುಗಿಸಿ.

ನಾನು ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಆ ಮದುವೆಯಲ್ಲ. ಆಮೇಲೆ ಆಳಂದದ ಬಸ್ ನಿಲ್ದಾಣದ ಬಳಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಎಸ್.ಎಸ್.ಎಲ್.ಸಿ. ಗಣಿತದಲ್ಲಿ 35 ಅಂಕದ ಗೆರೆಯನ್ನು ಕಷ್ಟದಿಂದ ದಾಟಿದವನು. ಈಗ ಬೈಕಿನ ಹಿಂದೆ ಎರಡು ದೊಡ್ಡ ಡಬ್ಬಿ ಕಟ್ಟಿಕೊಂಡು ಖಾರಿ, ಟೋಸ್ಟು, ಬನ್ನು ಮಾರುತ್ತಾನೆ. ಒಂದು ದಿನ ಖಜೂರಿಯ ಕಡೆ, ಇನ್ನೊಂದು ದಿನ ಮಾದನಹಿಪ್ಪರಗಾದ ಕಡೆ, ಮತ್ತೊಂದು ದಿನ ನಿಂಬರ್ಗಾದ ಕಡೆ. ದಿನಕ್ಕೆ 80 ಕಿಲೋಮೀಟರು, ವರ್ಷಕ್ಕೆ 300 ದಿನ, ಅಂದರೆ 24,000 ಕಿಲೋಮೀಟರು. ಅವನ ಹಳೆಯ ಬೈಕು ಲೀಟರಿಗೆ 40 ಕೊಡುತ್ತದೆ. ವರ್ಷಕ್ಕೆ 600 ಲೀಟರು. 60 ಕೊಡುವ ಹೊಸ ಬೈಕಾದರೆ 400 ಲೀಟರು ಸಾಕು. ಉಳಿತಾಯ 200 ಲೀಟರು, 20,000 ರೂಪಾಯಿ. ಮನಸ್ಸಿನಲ್ಲೇ ಲೆಕ್ಕ ಹಾಕಿ, ಹಳೆಯ ಅಭ್ಯಾಸದಂತೆ ಗದರಿದೆ.

“ಏ, ಈ ಡಬ್ಬಾ ಗಾಡಿ ಮಾರಿ ಹೊಸಾದು ತಗೊಳ್ಳೋ. ವರ್ಷಕ್ಕ ಇಪ್ಪತ್ತು ಸಾವಿರ ಉಳೀತದ.”

ಅವನು ನಕ್ಕ. “ಗೊತ್ತದರಿ ಸರ್. ನಾ ಆವಾಗೇ ಲೆಕ್ಕಾ ಹಾಕೀನಿ. ಇಪ್ಪತ್ತು ಸಾವಿರ ಹೋಗೂದು ಖರೆ ಅದ. ಆದರ ಅದು ದಿನಾ ಅರವತ್ತು ಎಪ್ಪತ್ತು ರೂಪಾಯಿ ಹಂಗ ಹೋಗ್ತದ, ಗೊತ್ತಾಗಂಗಿಲ್ಲ. ತೊಂಬತ್ತು ಸಾವಿರ ಒಮ್ಮಿಗೇ ನಮಗ ಯಾರ್ ಕೊಡ್ತಾರ್ರಿ?”

ನನಗೆ ಉತ್ತರ ಹೊಳೆಯಲಿಲ್ಲ. ಗಣಿತದಲ್ಲಿ 35 ತೆಗೆದವನು ಗಣಿತದ ಮಾಸ್ತರಿಗೆ ಪಾಠ ಹೇಳಿದ್ದ. ಅವನು ಲೆಕ್ಕ ತಪ್ಪಿಲ್ಲ. ಲೆಕ್ಕದಂತೆ ನಡೆಯಲು ಬೇಕಾದ ಹಣ ಅವನಲ್ಲಿಲ್ಲ. ಎವರೇಜ್ ಎಂಬುದು ಮುಂಗಡ ಹಣ ಕೊಟ್ಟು ಕೊಳ್ಳಬೇಕಾದ ಸರಕು. ಕೈಯಲ್ಲಿ ಹಣವಿದ್ದವನು, ಬೇಕಿರಲಿ ಬೇಡವಿರಲಿ, ಅದನ್ನು ಕೊಳ್ಳುತ್ತಾನೆ. ಹಣವಿಲ್ಲದವನು ಅದರ ಬೆಲೆಯನ್ನು ಪ್ರತಿದಿನ ಪೆಟ್ರೋಲ್ ಬಂಕಿನಲ್ಲಿ ದಂಡವಾಗಿ ಕಟ್ಟುತ್ತಾನೆ. ಮದುವೆಯ ಆ ಗಾಡಿ ಈ ಹುಡುಗನ ಮನೆಯ ಮುಂದೆ ನಿಲ್ಲಬೇಕಾಗಿತ್ತು.

‘ಕಂತಿನ ಮೇಲೆ ಕೊಡುತ್ತಾರಲ್ಲ’ ಎನ್ನುವಿರಾ? ಅದನ್ನೂ ನೋಡೋಣ. ಹಳೆಯ ಬೈಕು ಮಾರಿ 20,000 ಬಂದರೆ ಅವನಿಗೆ 70,000 ಸಾಲ ಬೇಕು. ಮಾರಾಟದ ಮಳಿಗೆಯಲ್ಲಿ ಕುಳಿತ ಸಾಲದ ಏಜೆಂಟರು ಸಾಮಾನ್ಯವಾಗಿ ಹೇಳುವುದು ‘ಫ್ಲ್ಯಾಟ್’ ಬಡ್ಡಿ. ಶೇ. 10 ಎಂದು ಕಿವಿಗೆ ಇಂಪಾಗಿ ಹೇಳುತ್ತಾರೆ. ಆದರೆ ಕಂತು ಕಟ್ಟಿ ಅಸಲು ಕರಗುತ್ತ ಬಂದರೂ ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಕೊನೆಯವರೆಗೆ ಬಡ್ಡಿ. ಮೂರು ವರ್ಷದ ಸಾಲದಲ್ಲಿ ಇದು ನಿಜವಾಗಿ ಶೇ. 18ರ ಹತ್ತಿರ ಬೀಳುತ್ತದೆ. 70,000ಕ್ಕೆ 21,000 ಬಡ್ಡಿ, ತಿಂಗಳಿಗೆ 2,528 ರೂಪಾಯಿ ಕಂತು. ಅವನ ಪೆಟ್ರೋಲಿನಲ್ಲಿ ಉಳಿಯುವುದು ತಿಂಗಳಿಗೆ 1,667. ಉಳಿದ ಒಂಬತ್ತು ನೂರರ ಹತ್ತಿರದ ಹಣ ಹೊಟ್ಟೆಯಿಂದ ಕೀಳಬೇಕು. ಎರಡು ಕಂತು ತಪ್ಪಿದರೆ ಗಾಡಿ ಎಳೆದೊಯ್ಯುವವರು ಮನೆಯ ಮುಂದೆ. ಅವನ ಹೆದರಿಕೆ ಅಜ್ಞಾನವಲ್ಲ.

ಅದೇ 70,000 ರೂಪಾಯಿಯನ್ನು ಶೇ. 12ರ ಕರಗುವ ಬಡ್ಡಿಯಲ್ಲಿ ಐದು ವರ್ಷಕ್ಕೆ ಕೊಟ್ಟು ನೋಡಿ. ಕಂತು 1,557 ರೂಪಾಯಿ. ಪೆಟ್ರೋಲಿನ ಉಳಿತಾಯ 1,667! ಮೊದಲ ತಿಂಗಳಿನಿಂದಲೇ ಸಾಲವನ್ನು ಗಾಡಿಯೇ ತೀರಿಸುತ್ತದೆ, ಮೇಲೆ ನೂರು ರೂಪಾಯಿ ಕೈಗೂ ಕೊಡುತ್ತದೆ. ಮನುಷ್ಯ ಅವನೇ, ಗಾಡಿ ಅದೇ, ರಸ್ತೆ ಅದೇ. ಬದಲಾದದ್ದು ಸಾಲದ ರೀತಿ ಒಂದೇ. ಆದ್ದರಿಂದ ಬ್ಯಾಂಕುಗಳಲ್ಲಿ, ಸಹಕಾರ ಸಂಘಗಳಲ್ಲಿ ಕೆಲಸ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳೇ, ನಿಮಗೆ ನೇರವಾಗಿ ಹೇಳುತ್ತೇನೆ. ಗಾಡಿಯ ಸಾಲಕ್ಕೆ ಬಂದವನನ್ನು ‘ಸಂಬಳದ ಚೀಟಿ ಇದೆಯೇ?’ ಎಂದು ಕೇಳುವ ಮೊದಲು ‘ದಿನಕ್ಕೆ ಎಷ್ಟು ಕಿಲೋಮೀಟರು ತಿರುಗುತ್ತೀರಿ?’ ಎಂದು ಕೇಳಿ. 80 ಎಂದು ಹೇಳುವವನಿಗೆ ಆ 80 ಕಿಲೋಮೀಟರೇ ಜಾಮೀನು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಒತ್ತೆಯಿಲ್ಲದ ಸಾಲವಿದೆ, ವ್ಯಾಪಾರಕ್ಕೆ ಬಳಸುವ ದ್ವಿಚಕ್ರ ವಾಹನಕ್ಕೂ ಅದರಲ್ಲಿ ಅವಕಾಶವಿದೆ. ಅದು ಕಾಗದದ ಮೇಲಿದ್ದರೆ ಸಾಲದು, ಬನ್ನು ಮಾರುವವನ ಕಿವಿಗೂ ಬೀಳಬೇಕು.

ನನ್ನ ಮಾತಿಗೆ ಆಕ್ಷೇಪಗಳಿವೆ, ಬಲ್ಲೆ. ‘ಸರ್, ಹೊಸ ಗಾಡಿ ಕೈ ಕೊಡುವುದಿಲ್ಲ, ಬ್ರೇಕು ಚೆನ್ನಾಗಿರುತ್ತದೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು’ ಎನ್ನುವಿರಿ. ಒಪ್ಪಿದೆ. ಸುರಕ್ಷತೆಗೆ ಹಣ ಕೊಡಿ, ಆದರೆ ಸುರಕ್ಷತೆಗೆಂದೇ ಹೇಳಿ ಕೊಡಿ. ಎವರೇಜಿನ ಹೆಸರಿನಲ್ಲಿ ಕೊಟ್ಟು ‘ದುಡ್ಡು ವಸೂಲಾಯಿತು’ ಎಂದು ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ. ‘ಮುಂದೆ ಮಾರಿದರೆ ಬೆಲೆ ಬರುತ್ತದೆ’ ಎನ್ನುವಿರಿ. ಬರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ, ಬಡ್ಡಿಯನ್ನೂ ಸೇರಿಸಿ. ‘ನಾಲ್ಕು ಜನರಲ್ಲಿ ಮಾನ’ ಎನ್ನುವಿರಿ. ಅದಕ್ಕೆ ನನ್ನಲ್ಲಿ ಸೂತ್ರವಿಲ್ಲ. ತಿಂಗಳಿಗೆ ಎರಡು ಸಲ ಕಲಬುರಗಿಗೆ ಹೋಗುವ ನನ್ನಂಥವನಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಎಲ್ಲಕ್ಕಿಂತ ಅಗ್ಗದ ಗಾಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅಕ್ಕತಂಗಿಯರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಬಸ್ಸಿನಲ್ಲಿ ಹೋದರೆ ಮಾನ ಹೋಗುತ್ತದೆಂದು ನಾನು ನಂಬಿಲ್ಲ.

ಕೊನೆಯದಾಗಿ ನನ್ನ ಮೇಲೆ ನಾನೇ ಹೊರಿಸಿಕೊಳ್ಳುವ ಆರೋಪವೊಂದಿದೆ. ಮೂವತ್ತೈದು ವರ್ಷ ನಿಮಗೆ ಲೆಕ್ಕ ಕಲಿಸಿದೆ. ಒಂದು ಕೊಳವೆ ತುಂಬಿಸುವ, ಇನ್ನೊಂದು ಕೊಳವೆ ಖಾಲಿ ಮಾಡುವ ತೊಟ್ಟಿಗಳು. ಎದುರುಬದುರಾಗಿ ಓಡುವ ರೈಲುಗಳು. ರೈಲಿಲ್ಲದ ಊರಿನ ಮಕ್ಕಳಿಗೆ ರೈಲಿನ ಲೆಕ್ಕ! ನೀವು ದೊಡ್ಡವರಾಗಿ ಸಹಿ ಹಾಕಲಿರುವ ಮೊದಲ ಸಾಲಪತ್ರ ಗಾಡಿಯದೇ ಇರುತ್ತದೆ ಎಂದು ಗೊತ್ತಿದ್ದೂ ಒಂದು ದಿನವೂ ಫ್ಲ್ಯಾಟ್ ಬಡ್ಡಿಯನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಲಿಲ್ಲ. ಪಠ್ಯದಲ್ಲಿರಲಿಲ್ಲ ಎಂಬುದು ಸಬೂಬು. ಈಗ ಶಾಲೆಗಳಲ್ಲಿರುವ ನನ್ನ ಶಿಷ್ಯರು ಆ ತಪ್ಪು ಮಾಡದಿರಲಿ.

ಮುಂದಿನ ಸೋಮವಾರ ಆ ಹುಡುಗನ ಜೊತೆ ಬ್ಯಾಂಕಿಗೆ ಹೋಗುವವನಿದ್ದೇನೆ. ಮೇಲಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ವ್ಯವಸ್ಥಾಪಕರು ಏನೆನ್ನುತ್ತಾರೋ ಕಾಣೆ. ಅವರೂ ನನ್ನ ವಿದ್ಯಾರ್ಥಿಯಾಗಿದ್ದರೆ ಒಳ್ಳೆಯದು. ಆಗಿರದಿದ್ದರೆ ಅಲ್ಲೇ ಒಂದು ತರಗತಿ ತೆಗೆದುಕೊಳ್ಳಬೇಕಾದೀತು.

ಹೊಳೆಗೆ ಹಾಕಿದರೂ ಅಳೆದು ಹಾಕು ಎಂದರು ಹಿರಿಯರು. ಗಾಡಿಯ ಟಾಕಿಗೆ ಹಾಕುವುದನ್ನು ನಾವೆಲ್ಲ ಅಳೆದೇ ಹಾಕುತ್ತೇವೆ, ಬಂಕಿನ ಮೀಟರಿನಿಂದ ಕಣ್ಣು ಕೀಳುವುದಿಲ್ಲ. ಗಾಡಿಗೆ ಹಾಕುವ ಹಣವನ್ನು ಮಾತ್ರ ಅಳೆಯದೆ ಸುರಿಯುತ್ತೇವೆ. ಇನ್ನು ಮುಂದೆ ಯಾರಾದರೂ ‘ಎವರೇಜ್ ಎಷ್ಟು ಕೊಡ್ತದ?’ ಎಂದು ಕೇಳಿದರೆ ದಯವಿಟ್ಟು ತಕ್ಷಣ ಉತ್ತರ ಹೇಳಬೇಡಿ. ‘ನೀವು ವರ್ಷಕ್ಕೆ ಎಷ್ಟು ಓಡಿಸ್ತೀರಿ?’ ಎಂದು ತಿರುಗಿ ಕೇಳಿ.